ನೆಲ ಕೇಳಿದ ಕೆಂಚಿ, ಗಾಳಿ ಕೇಳಿದ ಕರಿಯ

ಲೋಕ ಆಗಿನ್ನೂ ಹೊಸದು. ಸಾರಿಸಿದ ನೆಲ ಒಣಗುವ ಮುಂಚೆ ಹೇಗಿರುತ್ತೆ, ಹಾಗಿತ್ತು. ಬೆಟ್ಟಗಳಿಗೆ ಹೆಸರಿರಲಿಲ್ಲ, ದಾರಿಗಳಿಗೆ ಕೊನೆ ಇರಲಿಲ್ಲ. ನೆಲ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಹಳ್ಳವಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಆದರೆ ಕೂತು ಕೇಳುವವರು ಕಮ್ಮಿ. ಈಗಲೂ ಅಷ್ಟೇ ಅನ್ನು. ನೀನು ನಾನು ಹೇಳಿದ್ದನ್ನ ಕೇಳ್ತೀಯಾ?

ಕಾಲು ಆಡಿಸಬೇಡ. ಕೂತ್ಕೋ.

ಆ ಕಾಲದಲ್ಲಿ ಬೇಟೆನಾಯಿಗಳೆಲ್ಲ ಒಂದೇ ಥರ ಬೇಟೆಯಾಡುತ್ತಿದ್ದವು. ಜಾಡು ಹಿಡಿಯೋದು ಅಂದರೆ ಏನು ಅಂತ ಯಾವ ನಾಯಿಗೂ ಗೊತ್ತಿರಲಿಲ್ಲ. ಮೂಗು ಇದ್ದದ್ದು ಒಲೆ ಮೇಲಿನ ಮಾಂಸ ಬೆಂದಿದೆಯೋ ಇಲ್ಲವೋ ತಿಳಿಯೋಕೆ. ಬೇಟೆ ಕಣ್ಣಿಗೆ ಕಂಡರೆ ಓಡುತ್ತಿದ್ದವು, ಕಾಣದಿದ್ದರೆ ನಿಲ್ಲುತ್ತಿದ್ದವು. ಅಷ್ಟೇ ವಿದ್ಯೆ.

ಕುರುಚಲು ಕಾಡಿನ ಅಂಚಿನಲ್ಲಿ ಕಾಟಯ್ಯ ಅಂತ ಒಬ್ಬ ಬೇಟೆಗಾರ ಇದ್ದ. ಒಂದು ಗುಡಿಸಲು, ಒಂದು ಈಟಿ, ಒಂದು ಕರೀ ಕಂಬಳಿ. ಹೆಂಡತಿ ಮಕ್ಕಳಿಲ್ಲ. ಯಾಕೆ ಅಂತ ಕೇಳಬೇಡ, ನನಗೆ ಈ ಕಥೆ ಹೇಳಿದವರೂ ಅದನ್ನ ಹೇಳಲಿಲ್ಲ. ಮನುಷ್ಯರ ಮುಖ ನೋಡಬೇಕು ಅಂದರೆ ಎರಡು ದಿನ ನಡೆದು ಹಟ್ಟಿಗೆ ಹೋಗಬೇಕಿತ್ತು. ಅವನು ಹೋಗುತ್ತಿರಲಿಲ್ಲ.

ಅವನ ಜೊತೆಗೆ ಇದ್ದದ್ದು ಮೂರು ನಾಯಿ. ಕೆಂಚಿ ಅಂತ ಒಂದು ಕೆಂಪು ಹೆಣ್ಣುನಾಯಿ, ಮೂವರಲ್ಲಿ ಅವಳೇ ದೊಡ್ಡವಳು, ಮೈಯೂ ಭಾರ, ನಡಿಗೆಯೂ ನಿಧಾನ. ಅವಳ ತಮ್ಮ ಕರಿಯ, ಗಟ್ಟಿಮುಟ್ಟು. ಕೊನೆಯವಳು ಬೆಳ್ಳಿ, ಬೆಳ್ಳಗೆ ತೆಳ್ಳಗೆ, ಕಾಲು ಇಷ್ಟುದ್ದ. ನಿಂತಲ್ಲಿ ನಿಲ್ಲದ ಜೀವ ಅದು. ನಿನ್ನ ಹಾಗೆ.

ಕಾಟಯ್ಯನಿಗೆ ಮಾತು ಬಲು ಕಮ್ಮಿ. ದಿನಕ್ಕೆ ನಾಲ್ಕೇ ಮಾತು. ಬೆಳಿಗ್ಗೆ "ಏಳ್ರೋ" ಅನ್ನುತ್ತಿದ್ದ. ಕಾಡಿನಲ್ಲಿ "ಹಿಡೀರೋ" ಅನ್ನುತ್ತಿದ್ದ. ಬೇಟೆ ಬಿದ್ದ ಮೇಲೆ ನಾಯಿಗಳ ಪಾಲು ಮೊದಲು ಎತ್ತಿಟ್ಟು "ತಿನ್ರೋ" ಅನ್ನುತ್ತಿದ್ದ. ಕತ್ತಲಾದ ಮೇಲೆ "ಮಲಗ್ರೋ". ಮುಗಿಯಿತು. ನಾಯಿಗಳ ಹೆಸರು ಹಿಡಿದು ಕರೆದದ್ದೇ ಇಲ್ಲ. ಹೆಸರು ಇಟ್ಟವನು ಅವನೇ, ಕರೆಯದವನೂ ಅವನೇ. ಅಂಥ ಗಂಡಸರನ್ನ ನಾನೂ ಕಂಡಿದ್ದೀನಿ, ಬಿಡು.

ಆದರೆ ಮಲಗುವಾಗ ಮಾತ್ರ ಮೂರೂ ನಾಯಿ ಅವನ ಕಂಬಳಿಯೊಳಗೇ ತೂರುತ್ತಿದ್ದವು. ಬೆನ್ನಿಗೊಂದು, ಹೊಟ್ಟೆಗೊಂದು, ಕಾಲಿಗೊಂದು. ಅವನು ಬೈಯುತ್ತಿರಲಿಲ್ಲ.

ಬೇಟೆಗಾರರ ಒಂದು ಪದ್ಧತಿ ನಿನಗೆ ಗೊತ್ತಿರಲಿ. ಕಾಡಿಗೆ ಹೊರಡುವ ಮುಂಚೆ ಕಾಟಯ್ಯ ಮೈಗೆಲ್ಲ ಒಲೆಯ ಬೂದಿ ಬಳಿದುಕೊಳ್ಳುತ್ತಿದ್ದ. ಅದರ ಮೇಲೆ ಲಕ್ಕಿ ಸೊಪ್ಪು ಅರೆದು ಹಚ್ಚಿಕೊಳ್ಳುತ್ತಿದ್ದ. ಅಂಗಾಲಿಗೆ ಜಿಂಕೆಯ ಹಿಕ್ಕೆ ತಿಕ್ಕುತ್ತಿದ್ದ. ಮೂಗು ಮುಚ್ಚಬೇಡ, ಬೇಟೆ ಅಂದರೆ ಹಾಗೇ. ಮನುಷ್ಯ ಬರುತ್ತಿದ್ದಾನೆ ಅಂತ ಜಿಂಕೆಗೆ ತಿಳಿಯಬಾರದು. ಹಾಗಾಗಿ ಆ ಕಾಡಿನಲ್ಲಿ ಕಾಟಯ್ಯನ ಮೈವಾಸನೆ ಹೇಗಿರುತ್ತೆ ಅಂತ ಒಂದು ಹುಳುವಿಗೂ ಗೊತ್ತಿರಲಿಲ್ಲ. ಅದೇ ಅವನ ಹೆಮ್ಮೆ.

ಒಂದು ಬೆಳಿಗ್ಗೆ ಅವನು ಒಬ್ಬನೇ ಹೊರಟ. ಹಳ್ಳದ ಆಚೆ ಕಾಡುಹಂದಿಗೆ ಅಂತ ಆಳದ ಗುಂಡಿ ತೋಡಿ, ಮೇಲೆ ಕಡ್ಡಿ ಎಲೆ ಮುಚ್ಚಿದ್ದ. ಅದನ್ನ ನೋಡಿಕೊಂಡು ಬರಬೇಕಿತ್ತು. ನಾಯಿಗಳು ಬಂದರೆ ಎಲ್ಲಿ ಗುಂಡಿಗೆ ಬೀಳುತ್ತವೋ ಅಂತ ಅವನಿಗೆ ಭಯ.

"ಇಲ್ಲೇ ಇರ್ರೋ" ಅಂದ. ಐದನೇ ಮಾತು. ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ.

ಹೊತ್ತು ನೆತ್ತಿಗೆ ಬಂತು, ಕಾಟಯ್ಯ ಬರಲಿಲ್ಲ. ಹೊತ್ತು ಮುಳುಗಿತು, ಬರಲಿಲ್ಲ. ಮೂರೂ ನಾಯಿ ಬಾಗಿಲಲ್ಲಿ ಕೂತೇ ಇದ್ದವು. ಬೆಳಗಾದಾಗ "ಏಳ್ರೋ" ಅನ್ನುವವರು ಯಾರೂ ಇರಲಿಲ್ಲ. ಎದ್ದೇ ಇದ್ದ ನಾಯಿಗಳನ್ನ ಏಳಿಸೋದೇನು ಬಂತು, ಆದರೂ ಆ ಒಂದು ಮಾತಿಲ್ಲದೆ ಬೆಳಕು ಹರಿದದ್ದು ಅವುಗಳಿಗೆ ಸಹಿಸೋಕಾಗಲಿಲ್ಲ.

"ಅಪ್ಪಯ್ಯ ಬರ್ಲಿಲ್ಲ ಅಕ್ಕ" ಅಂದ ಕರಿಯ.

"ಎಲ್ಲೋ ಬಿದ್ದಿರ್ಬೇಕು" ಅಂದಳು ಕೆಂಚಿ. "ನೀರಿಲ್ದೆ ಎಷ್ಟು ಹೊತ್ತು ಇರ್ತಾನೆ? ಇವತ್ತು ಸಿಗ್ಲಿಲ್ಲ ಅಂದ್ರೆ ಸಿಕ್ಕೋದೇ ಇಲ್ಲ."

ಬೆಳ್ಳಿಗೆ ಅಷ್ಟು ಸಾಕಾಯಿತು. "ನಾನು ನೋಡ್ತೀನಿ" ಅಂತ ಎದುರಿನ ಬಂಡೆ ಹತ್ತಿದಳು. ಯಾರನ್ನೂ ಏನೂ ಕೇಳಲಿಲ್ಲ. ದೂರದಲ್ಲಿ ಏನೋ ಅಲುಗಿದ್ದು ಕಂಡಿತು. ಅಗೋ ಅಪ್ಪಯ್ಯ ಅಂತ ಹಾರಿ ಓಡಿದಳು. ಹೋಗಿ ನೋಡಿದರೆ ಮೊಲ. ಅಲ್ಲಿಂದ ಆಚೆ ಇನ್ನೇನೋ ಅಲುಗಿತು, ಓಡಿದಳು. ಅದು ಕೃಷ್ಣಮೃಗ. ಅಲುಗಿದ್ದೆಲ್ಲ ಕಾಟಯ್ಯನೇ ಅಂತ ಓಡಿ ಓಡಿ ಬೆಳ್ಳಿ ಕಣ್ಣಿಗೆ ಕಾಣದಷ್ಟು ದೂರ ಹೋದಳು. ಕಾಟಯ್ಯ ಬಿದ್ದಿದ್ದ ಜಾಗದಲ್ಲಿ ಅಲುಗುವ ಹಾಗಿರಲಿಲ್ಲ, ಪಾಪ, ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಕರಿಯ ತಲೆ ಎತ್ತಿ ಗಾಳಿಯನ್ನ ಕೇಳಿದ. "ಗಾಳಣ್ಣ, ನೀನು ಎಲ್ಲಾ ಕಡೆ ತಿರುಗೋನು. ನಮ್ಮಪ್ಪಯ್ಯನ್ನ ಕಂಡ್ಯಾ?"

"ಕಂಡಿರಬಹುದು" ಅಂದಿತು ಗಾಳಿ. "ಹೇಳ್ತೀನಿ, ಆದ್ರೆ ನಾನು ಒಂದೇ ಸಲ ಹೇಳೋದು, ಅದೂ ಮೆಲ್ಲಗೆ. ತಲೆ ಎತ್ಕೊಂಡೇ ಇರ್ಬೇಕು, ಬಾಯಿ ಬಿಡಬಾರ್ದು. ನಾನು ಹೇಳೋದನ್ನ ಹಿಂಬಾಲಿಸ್ವಾಗ ನೀನು ಯಾರ ಹತ್ರಾನೂ ಮಾತಾಡೋ ಹಾಗಿಲ್ಲ. ಯಾರು ಕರೆದ್ರೂ ಓ ಅನ್ನೋ ಹಾಗಿಲ್ಲ. ನೀನು ಮಾತ್ರ ಅಲ್ಲ, ನಿನ್ನ ಮಕ್ಕಳು ಮರಿಮಕ್ಕಳೂ ಅಷ್ಟೇ."

ಕರಿಯ ಬಾಯಿ ಮುಚ್ಚಿದ. ಅದೇ ಅವನ ಒಪ್ಪಿಗೆ. ಗಾಳಿ ಅವನ ಮೂಗಿಗೆ ಏನೋ ಒಂದು ಎಳೆ ತಂದು ಮುಟ್ಟಿಸಿತು. ಕರಿಯ ದಾರಿಗೀರಿ ನೋಡದೆ ಪೊದೆ ಹಾರಿ, ಕಲ್ಲು ಹಾರಿ ನೇರ ಓಡಿದ.

ಉಳಿದವಳು ಕೆಂಚಿ. ಓಡೋಕೆ ಅವಳ ಕೈಲಾಗುತ್ತಿರಲಿಲ್ಲ. ಗುಡಿಸಲ ಮುಂದೆ ಮುಂಗಾಲಿಗೆ ಗದ್ದ ಇಟ್ಟು ಮಲಗಿ ಅತ್ತಳು. ಅವಳ ಮೂಗು ನೆಲಕ್ಕೆ ತಾಗಿತು.

"ಯಾಕವ್ವ ಅಳ್ತೀಯ?" ಅಂದಿತು ನೆಲ.

"ನೆಲವ್ವ, ನಮ್ಮಪ್ಪಯ್ಯ ನಿನ್ನ ಮೇಲೇ ನಡ್ಕೊಂಡು ಹೋದ. ಎಲ್ಲಿಗೆ ಹೋದ ಹೇಳು."

ನೆಲಕ್ಕೆ ಯಾವುದರಲ್ಲೂ ಅವಸರ ಇಲ್ಲ. "ಲಕ್ಕಿ ಸೊಪ್ಪು ವಾಸನೆಯೋನು ಒಬ್ಬ ಹೋದ. ಆದ್ರೆ ಲಕ್ಕಿ ಗಿಡ ಇಲ್ಲಿ ಎಲ್ಲಾ ಕಡೆ ಇದೆ. ಬೂದಿ ವಾಸನೆ ಇತ್ತು, ಬೂದಿ ಯಾರ ಒಲೇಲಿಲ್ಲ? ಜಿಂಕೆ ವಾಸನೆ ಇತ್ತು, ನನ್ನ ಮೇಲೆ ಸಾವಿರ ಜಿಂಕೆ ಓಡಾಡ್ತವೆ. ನಿಮ್ಮಪ್ಪಯ್ಯನ ಸ್ವಂತ ವಾಸನೆ ಯಾವ್ದು?"

ಕೆಂಚಿ ಅಳು ನಿಲ್ಲಿಸಿದಳು. "ನಿಂಗೇ ಗೊತ್ತಿಲ್ವಾ?"

"ಅವ್ನೇ ಮುಚ್ಚಿಟ್ಟ. ಹುಟ್ಟಿದಾಗಿಂದ ನನ್ನ ಮೇಲೇ ನಡೆದ, ನನಗೂ ಬಿಟ್ಕೊಡ್ಲಿಲ್ಲ."

ನೋಡಿದೆಯಾ ಮಗಾ, ಎಂಥ ಕೆಲಸ. ಜಿಂಕೆಗೆ ಸಿಗಬಾರದು ಅಂತ ಬಚ್ಚಿಟ್ಟುಕೊಂಡವನು ತನ್ನವರಿಗೂ ಸಿಗದ ಹಾಗಾದ. ಬುದ್ಧಿವಂತ ಅಂತ ಅಂದುಕೊಂಡಿದ್ದ ತನ್ನನ್ನ.

"ಆದ್ರೆ ಒಂದಿದೆ" ಅಂದಿತು ನೆಲ. "ಆ ಮನುಷ್ಯನ ಹೆಜ್ಜೆ ಮೇಲೆ ಮೂರು ನಾಯಿಗಳ ವಾಸನೆ ಇದೆ. ನಾಯಿಗಳ ಹೆಜ್ಜೆ ಮಾತ್ರ ಇಲ್ಲ."

ಕೆಂಚಿ ಆ ಹೆಜ್ಜೆಗೆ ಮೂಗು ಒತ್ತಿದಳು. ಮೊದಲನೇ ಸಲ ಸರಿಯಾಗಿ ಮೂಸಿದಳು. ಕರಿಯನ ವಾಸನೆ. ಬೆಳ್ಳಿಯ ವಾಸನೆ. ಮೂರನೆಯದು ಯಾರದು ಅಂತ ಸ್ವಲ್ಪ ಹೊತ್ತು ತಿಳಿಯಲಿಲ್ಲ, ಆಮೇಲೆ ತನ್ನದೇ ಅಂತ ತಿಳಿಯಿತು. ಕಾಟಯ್ಯ ಮೈಗೆ ಬೂದಿ ಬಳಿದಿದ್ದ, ಕಂಬಳಿಗೆ ಬಳಿದಿರಲಿಲ್ಲ. ಅದರ ಅಂಚು ದಾರಿಯುದ್ದಕ್ಕೂ ನೆಲ ಸವರಿಕೊಂಡು ಹೋಗಿತ್ತು. ಇಷ್ಟು ವರ್ಷ ನಾಯಿಗಳನ್ನ ಒಳಗೆ ಮಲಗಿಸಿಕೊಂಡು ಆ ವಾಸನೆ ಅವನ ಮೂಗಿಗೆ ಎಷ್ಟು ರೂಢಿಯಾಗಿತ್ತು ಅಂದರೆ, ತಾನು ಅದನ್ನ ಹೊತ್ತುಕೊಂಡು ತಿರುಗುತ್ತೀನಿ ಅಂತ ಅವನಿಗೇ ಗೊತ್ತಿರಲಿಲ್ಲ.

"ಇದು ನಾವೇ" ಅಂದಳು ಕೆಂಚಿ. "ನೆಲವ್ವ, ಇದನ್ನೇ ಹೇಳ್ತಾ ಹೋಗು."

"ಹೇಳ್ತೀನಿ. ಹೆಜ್ಜೆಗೊಂದು ಮಾತು, ಒಂದನ್ನೂ ಬಿಡೋಳಲ್ಲ ನಾನು. ಆದ್ರೆ ಮೂಗು ನನ್ನ ಮೇಲಿಂದ ತೆಗೀಬಾರ್ದು. ಪಕ್ಕದಲ್ಲಿ ಯಾರಿದ್ದಾರೆ, ಹಿಂದೆ ಯಾರು ಬರ್ತಾ ಇದ್ದಾರೆ, ಒಂದೂ ನಿಂಗೆ ಕಾಣಿಸಲ್ಲ. ಕಿವಿಯೂ ಮುಚ್ಚಿರ್ಬೇಕು, ಬೇರೆ ಮಾತು ಒಳಗೆ ಹೋದ್ರೆ ನನ್ನ ಮಾತು ನಿಲ್ಲಲ್ಲ. ಇದು ನಿನ್ನ ಮರಿಗಳಿಗೂ, ಅವುಗಳ ಮರಿಗಳಿಗೂ. ಯೋಚ್ನೆ ಮಾಡು."

ಯೋಚನೆ ಮಾಡೋಕೆ ಎಲ್ಲಿ ಹೊತ್ತಿತ್ತು? "ಆಯ್ತು" ಅಂದಳು. ಅಂದ ತಕ್ಷಣ ಅವಳ ಕಿವಿಗಳು ಉದ್ದಕ್ಕೆ ಇಳಿದು ಕೆನ್ನೆ ಮುಚ್ಚಿ ನೆಲಕ್ಕೆ ಜೋತುಬಿದ್ದವು.

ಹೊರಟಳು. ನೆಲ ಹೇಳುತ್ತಾ ಹೋಯಿತು. ಇಲ್ಲಿ ಬಲಗಾಲು ಇಟ್ಟ. ಇಲ್ಲಿ ಎಡಗಾಲು. ಇಲ್ಲಿ ಮುಳ್ಳು ಚುಚ್ಚಿತು, ಕೂತು ತೆಗೆದ. ಇಲ್ಲಿ ನಿಂತು ಹಿಂದಕ್ಕೆ ತಿರುಗಿದ.

"ಯಾಕೆ ತಿರುಗಿದ?" ಅಂದಳು ಕೆಂಚಿ, ಮೂಗು ಎತ್ತದೆ.

"ನೀವು ಹಿಂದೆ ಬರ್ತಿದ್ದೀರಾ ಅಂತ."

ಇನ್ನೂ ಸ್ವಲ್ಪ ಮುಂದೆ ಹೋದ ಮೇಲೆ ನೆಲ ಹೇಳಿತು, "ಇಲ್ಲಿ ಏನೋ ಮಾತಾಡ್ಕೊಂಡ."

"ಯಾರ ಜೊತೆ?"

"ಯಾರೂ ಇರ್ಲಿಲ್ಲ. ಕೆಂಚಿ, ಕರಿಯ, ಬೆಳ್ಳಿ ಅಂದ. ಒಬ್ಬನೇ ಹೋಗ್ವಾಗೆಲ್ಲ ಅಂತಾನೆ. ನಿಂಗೆ ಗೊತ್ತಿಲ್ವಾ?"

ಕೆಂಚಿಗೆ ಗೊತ್ತಿರಲಿಲ್ಲ. ಆ ಮಾತನ್ನ ಹೇಳಿಕೊಳ್ಳೋಣ ಅಂದರೆ ತಮ್ಮ ಎಲ್ಲಿ, ತಂಗಿ ಎಲ್ಲಿ? ಕಣ್ಣಿಗೆ ಕಾಣುತ್ತಿದ್ದದ್ದು ಒಂದು ಗೇಣು ಮಣ್ಣು. ಕಿವಿಗೆ ಏನೂ ಕೇಳುತ್ತಿರಲಿಲ್ಲ. ಈ ಲೋಕದಲ್ಲಿ ತಾನೊಬ್ಬಳೇ ಉಳಿದಿದ್ದೀನಿ ಅನ್ನಿಸಿತು. ತಡೆಯಲಾರದೆ ಕೂಗಿದಳು. ಬೊಗಳಿದ್ದಲ್ಲ, ಗುರುಗುಟ್ಟಿದ್ದೂ ಅಲ್ಲ. ಉದ್ದನೆ ಒಂದು ಕೂಗು. "ಯಾರಾದ್ರೂ ಇದ್ದೀರಾ?" ಅಂತ.

ಆ ಕೂಗನ್ನ ಮೂರು ಜನ ಕೇಳಿಸಿಕೊಂಡರು.

ಕರಿಯ ಕೇಳಿಸಿಕೊಂಡ. ಅವನು ಎದುರಿನ ದಿಬ್ಬದ ಮೇಲೇ ನಿಂತಿದ್ದ. ಮಧ್ಯಾಹ್ನಕ್ಕೆ ಗಾಳಿ ದಿಕ್ಕು ಬದಲಿಸಿ ಹೇಳುತ್ತಿದ್ದ ಮಾತನ್ನ ಅರ್ಧಕ್ಕೇ ಬಿಟ್ಟು ಹೋಗಿತ್ತು. ಆ ಎಳೆ ಮತ್ತೆ ಸಿಗುತ್ತೇನೋ ಅಂತ ಅವನು ಅತ್ತ ಹತ್ತು ಮಾರು, ಇತ್ತ ಹತ್ತು ಮಾರು ತಿರುಗುತ್ತಾ, ಮೂಗು ಎತ್ತಿಕೊಂಡು ಕಾಯುತ್ತಿದ್ದ. ಅಕ್ಕನ ಕೂಗಿಗೆ ಓ ಅನ್ನಬೇಕು ಅಂತ ಗಂಟಲ ತನಕ ಬಂತು. ಬಾಯಿ ಬಿಡುವ ಹಾಗಿರಲಿಲ್ಲ.

ಬೆಳ್ಳಿ ಕೇಳಿಸಿಕೊಂಡಳು. ಕೆಂಚಿಯ ಪಕ್ಕದಲ್ಲೇ, ಒಂದು ಪೊದೆಯ ಆಚೆ ಓಡಿಹೋದಳು. ಆದರೆ ಅವಳ ಕಣ್ಣು ಮುಂದೆ ಅಲುಗುತ್ತಿದ್ದ ಒಂದು ನರಿಯ ಬಾಲದ ಮೇಲೆ ನೆಟ್ಟಿತ್ತು. ಕೆಂಚಿ ತಲೆ ಎತ್ತಿದ್ದರೆ ತಂಗಿಯನ್ನ ಕಾಣುತ್ತಿದ್ದಳು. ಎತ್ತುವ ಹಾಗಿರಲಿಲ್ಲ.

ಮೂರನೆಯವನು ಕಾಟಯ್ಯ. ತಾನೇ ತೋಡಿದ ಹಂದಿ ಗುಂಡಿಯ ತಳದಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ. ಎಲೆ ಮುಚ್ಚಿದ ಅಂಚಿಗೆ ಕಾಲಿಟ್ಟು ಜಾರಿದ್ದ. ಮೊದಲ ದಿನ ಎಲ್ಲಾ ಕೂಗಿ ಕೂಗಿ ಗಂಟಲು ಒಣಗಿ ಮರಳಾಗಿತ್ತು. ಕೆಂಚಿಯ ಕೂಗು ಕಿವಿಗೆ ಬಿದ್ದಾಗ ಮಲಗಿದ್ದವನು ಮೊಣಕೈ ಊರಿ ಎದ್ದ. ಬಾಯಿ ತೆರೆದ. "ಇದ್ದೀನಿ" ಅನ್ನಬೇಕಿತ್ತು, ಅಷ್ಟೇ. ಉಸಿರು ಬಂತು, ಸ್ವರ ಬರಲಿಲ್ಲ. ಮಾತಾಡಬಹುದಾಗಿದ್ದ ಅಷ್ಟು ವರ್ಷ ಸುಮ್ಮನಿದ್ದವನಿಗೆ ಮಾತು ಬೇಕಾದ ದಿನ ಅದು ಬರಲಿಲ್ಲ ಮಗಾ.

ಕೆಂಚಿ ಮತ್ತೆ ಕೂಗಿದಳು. ಹತ್ತು ಹೆಜ್ಜೆ ನಡೆದು ಮತ್ತೆ. ಯಾರೂ ಓಗೊಡಲಿಲ್ಲ. ಹಾಗೇ ಕೂಗುತ್ತಾ ಹಳ್ಳದ ದಂಡೆಗೆ ಬಂದಳು. ಅಲ್ಲಿ ನೆಲದ ಮಾತು ಫಕ್ಕನೆ ನಿಂತಿತು. ಕೆಂಚಿ ಮೂಗನ್ನ ನೀರಿಗೆ ಮುಟ್ಟಿಸಿ ಕೇಳಿದಳು.

"ಹಳ್ಳಕ್ಕ, ನಮ್ಮಪ್ಪಯ್ಯ ನಿನ್ನ ದಾಟಿ ಹೋದ. ಎಲ್ಲಿ ಹತ್ತಿದ?"

"ಯಾರು? ಯಾವಾಗ?" ಅಂದಿತು ಹಳ್ಳ. "ನನ್ನ ಹತ್ರ ಏನೂ ಇರಲ್ಲ ಕಣವ್ವ. ಬಂದದ್ದನ್ನ ಆಗಲೇ ಕಳಿಸಿಬಿಟ್ಟಿರ್ತೀನಿ. ನೀನು ಯಾರು ಅನ್ನೋದೂ ಇನ್ನೊಂದು ಗಳಿಗೆಗೆ ಮರೆತಿರ್ತೀನಿ. ಬೇಜಾರು ಮಾಡ್ಕೋಬೇಡ, ನಾನಿರೋದೇ ಹಾಗೆ."

ಕೆಂಚಿ ನೀರಿಗಿಳಿದು ಈಜಿದಳು. ಆಚೆ ದಂಡೆಯಲ್ಲಿ ಮೇಲಕ್ಕೊಂದು ಸಲ ಕೆಳಕ್ಕೊಂದು ಸಲ ಮೂಸುತ್ತಾ ತಿರುಗಿದಳು. ಉದ್ದ ಕಿವಿಗಳು ನೀರು ಕುಡಿದು ಭಾರವಾಗಿ ಕಲ್ಲುಗಳ ಮೇಲೆ ಪಟಪಟ ಬಡಿದವು. ಕೊನೆಗೊಂದು ಮುತ್ತುಗದ ಗಿಡದ ಬುಡದಲ್ಲಿ ನೆಲ ಮತ್ತೆ ಬಾಯಿ ತೆರೆಯಿತು. ಇಲ್ಲಿ ಹತ್ತಿದ. ಇಲ್ಲಿ ಕಂಬಳಿ ಸರಿಮಾಡಿಕೊಂಡ. ಇಲ್ಲಿ ಬಲಗಾಲು. ಇಲ್ಲಿ ಎಡಗಾಲು. ಇಲ್ಲಿ...

ಅಲ್ಲಿ ಹೆಜ್ಜೆ ಇರಲಿಲ್ಲ. ಕೆಂಚಿ ತಲೆ ಎತ್ತಿದವಳಲ್ಲವಲ್ಲ, ಮುಂದೇನಿದೆ ಅಂತ ಕಾಣಲಿಲ್ಲ. ಧೊಪ್ಪೆಂದು ಗುಂಡಿಯೊಳಗೆ ಬಿದ್ದಳು, ನೆಟ್ಟಗೆ ಕಾಟಯ್ಯನ ಎದೆಯ ಮೇಲೆ. ನಗು ಬಂದರೆ ನಗು. ಅವನಿಗೂ ಬಂತು, ಆದರೆ ಅಳುವಿನ ಜೊತೆ ಬಂತು.

ಜಾಡು ಮುಗಿಯಿತು, ಅವಳ ಮೂಗು ಮೇಲೆದ್ದಿತು. ಎರಡು ದಿನದಿಂದ ನೀರು ಕಾಣದ ಕಾಟಯ್ಯ ಅವಳ ಒದ್ದೆ ಕಿವಿಗಳನ್ನ ಎರಡು ಕೈಯಲ್ಲಿ ಹಿಡಿದು ಬಾಯಿಗೆ ಹಿಂಡಿಕೊಂಡ. ಒಂದು ಕಿವಿ, ಆಮೇಲೆ ಇನ್ನೊಂದು. ನಾಲ್ಕು ಹನಿ ಗಂಟಲಿಗಿಳಿದ ಮೇಲೆ ಸ್ವರ ಬಂತು.

"ಇದ್ದೀನಿ ಕಣೇ ಕೆಂಚಿ" ಅಂದ. "ಆಗ್ಲಿಂದ ಅಂತಾನೇ ಇದ್ದೀನಿ. ಈಚೆಗೆ ಬರ್ಲಿಲ್ಲ."

ಅವನ ಬಾಯಲ್ಲಿ ತನ್ನ ಹೆಸರು ಅವಳು ಕೇಳಿದ್ದು ಅದೇ ಮೊದಲು.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. ಸಂಜೆಗೆ ಗಾಳಿ ತಿರುಗಿತು, ಒದ್ದೆ ನಾಯಿಯ ವಾಸನೆಯನ್ನ ಕರಿಯನ ಮೂಗಿಗೆ ತಂದು ಕೊಟ್ಟಿತು. ಅವನು ನೇರ ಓಡಿಬಂದ. ಓಡುತ್ತಿದ್ದ ಕರಿಯ ದೂರದಲ್ಲಿದ್ದ ಬೆಳ್ಳಿಯ ಕಣ್ಣಿಗೆ ಬಿದ್ದ, ಅವಳೂ ಹಿಂದೆಯೇ ಬಂದಳು. ಇಬ್ಬರೂ ಗುಂಡಿಯ ಅಂಚನ್ನ ಮುಂಗಾಲಿನಿಂದ ಕೆರೆದರು. ನೆಲವೂ ಹಟ ಮಾಡಲಿಲ್ಲ, ಸಡಿಲವಾಗಿ ಕೊಟ್ಟಿತು. ಮಣ್ಣು ಜಾರಿ ಜಾರಿ ಇಳಿಜಾರಾಯಿತು. ಕಾಟಯ್ಯ ಕೆಂಚಿಯ ಕುತ್ತಿಗೆ ಹಿಡಿದು ತೆವಳಿಕೊಂಡು ಮೇಲೆ ಬಂದ. ಮನೆ ಸೇರೋಕೆ ಮೂರು ದಿನ ಹಿಡಿಯಿತು. ಕಾಲು ಕೂಡಿತು, ಕುಂಟು ಉಳಿಯಿತು.

ಅವತ್ತಿನಿಂದ ಕಾಟಯ್ಯ ಬೂದಿ ಹಚ್ಚೋದು ಬಿಟ್ಟ. ಮಾತೂ ಬಂತು, ನಾಲ್ಕಿದ್ದದ್ದು ನಲವತ್ತಾಯಿತು. ಆದರೆ ಜಾಡಿಗೆ ಹೊರಟ ಕೂಡಲೇ ಕೆಂಚಿಯ ತಲೆ ಕೆಳಗಾಗುತ್ತಿತ್ತು, ಕಣ್ಣಿಗೆ ಯಾರೂ ಕಾಣುತ್ತಿರಲಿಲ್ಲ, ಅದೇ ಕೂಗು ಶುರುವಾಗುತ್ತಿತ್ತು. ಕರಿಯ ಪಕ್ಕದಲ್ಲೇ ಇದ್ದರೂ ಉತ್ತರ ಕೊಡುತ್ತಿರಲಿಲ್ಲ. ಬೆಳ್ಳಿ ಎಂದೋ ಮುಂದೆ ಹೋಗಿರುತ್ತಿದ್ದಳು.

ಕಾಟಯ್ಯ ನೆಲದ ಮುಂದೆ ಕೂತು ಕೈ ಮುಗಿದ. "ನೆಲವ್ವ, ನನ್ನ ನಾಯಿ ಒಂಟಿ ಅಂದ್ಕೊಂಡು ಅಳ್ತದೆ. ಆ ಮಾತು ವಾಪಸ್ಸು ತಗೋ."

"ನನ್ನ ಮೇಲೆ ಬಿದ್ದದ್ದು ಅಳಿಸಿಹೋದ್ರೆ ನಾನು ನೆಲ ಹೇಗಾಗ್ತೀನಿ?" ಅಂದಿತು ನೆಲ. "ನೀನು ಬೇಕಾದ್ರೆ ಉತ್ತರ ಕೊಡು. ಬೇಡ ಅಂದಿಲ್ಲ. ನೀನು ಕೂಗಿದ್ರೆ ಮಾತ್ರ ಅವಳ ಕಿವಿಗೆ ಬೀಳ್ಲಿ."

ಅವನು ಕೊಟ್ಟ. ಕೆಂಚಿ "ಯಾರಾದ್ರೂ ಇದ್ದೀರಾ" ಅಂತ ಕೂಗಿದಾಗೆಲ್ಲ, ಕುಂಟುತ್ತಾ ಹಿಂದೆ ಬರುತ್ತಿದ್ದ ಕಾಟಯ್ಯ "ಇದ್ದೀನಿ" ಅಂತ ಕೂಗುತ್ತಿದ್ದ. ಬೇಟೆಗಾರ ಹಾಗೆ ಕೂಗಿದರೆ ಯಾವ ಜಿಂಕೆ ನಿಲ್ಲುತ್ತೆ? ಓಡಿಹೋಗುತ್ತಿದ್ದವು. ಎಷ್ಟೋ ದಿನ ನಾಲ್ವರೂ ಬರೀ ಗೆಡ್ಡೆ ತಿಂದು ಮಲಗಿದರು. ಆದರೂ ಅವನು ಒಂದು ಕೂಗಿಗೂ ಉತ್ತರ ಕೊಡದೆ ಬಿಡಲಿಲ್ಲ. ಆಮೇಲೆ ಅವನಿಗೆ ವಯಸ್ಸಾಯಿತು, ಒಂದು ದಿನ ಹೋಗಿಬಿಟ್ಟ. ಕೆಂಚಿಯ ಮರಿಗಳಿದ್ದವು, ಕರಿಯನ ಮರಿಗಳಿದ್ದವು, ಬೆಳ್ಳಿಯ ಮರಿಗಳಿದ್ದವು.

ಈಗಲೂ ನೋಡು. ಬೆಳ್ಳಿಯ ಕುಲದ ನಾಯಿ ಮೂಸೋದಿಲ್ಲ, ಅಲುಗಿದ್ದರ ಹಿಂದೆ ಓಡುತ್ತೆ, ಅದು ಮರೆಯಾದರೆ ದಿಕ್ಕು ತೋಚದೆ ನಿಲ್ಲುತ್ತೆ. ಕರಿಯನ ಕುಲದ್ದು ತಲೆ ಎತ್ತಿ, ಬಾಯಿ ಮುಚ್ಚಿ, ಗಾಳಿಯಲ್ಲಿ ಅಡ್ಡಡ್ಡ ಹುಡುಕುತ್ತೆ. ಕೆಂಚಿಯ ಕುಲದ್ದು ಕಿವಿ ನೆಲಕ್ಕೆ ಎಳೆದುಕೊಂಡು ಹೆಜ್ಜೆ ಹೆಜ್ಜೆಗೂ ಮೂಸುತ್ತಾ, ಉದ್ದಕ್ಕೆ ಕೂಗುತ್ತಾ ಹೋಗುತ್ತೆ, ನೀರು ಬಂದಲ್ಲಿ ತಡಕಾಡುತ್ತೆ.

ಮೊನ್ನೆ ಆ ಕೂಗು ಕೇಳಿ ಯಾರೋ ನಾಯಿಗೆ ಹೊಡೆದರು ಅಂತ ಅಳುತ್ತಾ ಬಂದೆಯಲ್ಲ. ಯಾರೂ ಹೊಡೆದಿಲ್ಲ ಕಣೇ. ಹತ್ತು ನಾಯಿ ಅದರ ಪಕ್ಕದಲ್ಲೇ ಓಡುತ್ತಿದ್ದರೂ ಅದಕ್ಕೆ ಗೊತ್ತಾಗಲ್ಲ, ತಾನೊಂದೇ ಅಂತ ಹೆಜ್ಜೆಗೊಂದು ಸಲ ಕೇಳುತ್ತಲೇ ಇರುತ್ತೆ, ಇದ್ದೀನಿ ಅನ್ನೋಕೆ ಕಾಟಯ್ಯ ಇಲ್ಲ.